ದೂರದ ಬೆಟ್ಟ ಹತ್ತಿರ ಬಂದಾಗ

ದಸರೆ ರಿಯಾಯಿತಿಯ ಕಾಲ. ಗುಂಡ್ಲುಪೇಟೆಯ ಟೀವಿ ಅಂಗಡಿಯೊಂದರ ಗೋಡೆಯ ಮೇಲೆ ಒಂದೇ ಚಿತ್ರ ಹತ್ತು ಪರದೆಗಳಲ್ಲಿ ಓಡುತ್ತಿತ್ತು. ಎಲೆಯ ತುದಿಯಲ್ಲಿ ನೀರಹನಿ, ಹನಿಯೊಳಗೆ ಇಡೀ ಕಾಡು. ಆಮೇಲೆ ಗಿಣಿಯೊಂದರ ರೆಕ್ಕೆ, ಒಂದೊಂದು ಎಳೆಯನ್ನೂ ಎಣಿಸುವ ಹಾಗೆ. ಮಗನ ಜೊತೆ ಬಂದಿದ್ದ, ಎಪ್ಪತ್ತು ದಾಟಿದ ಯಜಮಾನರೊಬ್ಬರು ಅದನ್ನೆಲ್ಲ ಸಾವಧಾನವಾಗಿ ನೋಡಿ, "ಗಿಣಿ ನಮ್ ತೋಟದಲ್ಲೂ ಅದ. ಇದ್ರಲ್ಲಿ ರಾಜ್‌ಕುಮಾರ್ ಪಿಚ್ಚರ್ ಆಕಪ್ಪ, ನೋಡವ" ಅಂದರು. ಅಂಗಡಿಯ ಹುಡುಗ ಇಂಟರ್‌ನೆಟ್ಟಿನಲ್ಲಿ ತಡಕಾಡಿ 'ಕಸ್ತೂರಿ ನಿವಾಸ'ದ ಕಪ್ಪು ಬಿಳುಪಿನ ಪ್ರತಿಯೊಂದನ್ನು 43 ಇಂಚಿನ ಪರದೆಗೆ ಬಿಟ್ಟ. ಮುಖ ಅಡ್ಡಡ್ಡ ಹಿಗ್ಗಿತ್ತು, ಅಂಚುಗಳು ಕಲಸಿಹೋಗಿದ್ದವು, ಕತ್ತಲಿದ್ದ ಕಡೆ ಚೌಕ ಚೌಕ ಕಲೆಗಳು ಕುಣಿಯುತ್ತಿದ್ದವು. ಯಜಮಾನರ ಮುಖ ಸಪ್ಪಗಾಯಿತು.

"ಇದ್ಯಾಕ ಇಂಗ ಮಂಜಾಗದ? ನಮ್ಮನ ಡಬ್ಬ ಟೀವಿಲೇ ಚೆಂದಾಗಿ ಕಾಣ್ತಿತ್ತಲ್ಲಪ್ಪ."

"ಅದು ಹಳೇ ಪಿಚ್ಚರು ತಾತ, ಅಷ್ಟೇ ಬರೋದು."

ತಾತ ಹೇಳಿದ್ದು ಸರಿ, ಹುಡುಗ ಹೇಳಿದ್ದು ತಪ್ಪು. ಯಾಕೆಂದು ತಿಳಿಯಲು ಸ್ವಲ್ಪ ಅಡಿ-ಇಂಚಿನ ಲೆಕ್ಕ ಬೇಕು.

ದೋಷವಿಲ್ಲದ ಕಣ್ಣು ಹನ್ನೊಂದು ಅಡಿ ದೂರದಿಂದ ಸುಮಾರು ಒಂದು ಮಿಲಿಮೀಟರಿನಷ್ಟು ಸಣ್ಣ ಗುರುತನ್ನು ಬೇರೆಯಾಗಿ ಕಾಣಬಲ್ಲದು. ಅದಕ್ಕಿಂತ ಸಣ್ಣದು ಪಕ್ಕದ್ದರ ಜೊತೆ ಬೆರೆತುಹೋಗುತ್ತದೆ. ಕಣ್ಣಿನ ಆಸ್ಪತ್ರೆಯ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಕಿರಿದಾಗುತ್ತ ಹೋಗುವ ಅಕ್ಷರಗಳಿವೆಯಲ್ಲ, ಅವುಗಳ ಅಳತೆಯೂ ಇದೇ ಲೆಕ್ಕದ ಮೇಲೆ ನಿಂತದ್ದು. ದೂರ ಅರ್ಧವಾದರೆ ಅರ್ಧ ಮಿಲಿಮೀಟರೂ ಕಾಣುತ್ತದೆ. ಈಗ ಹಳೆಯ ದೂರದರ್ಶನಕ್ಕೆ ಬನ್ನಿ. ಅದರ ಚಿತ್ರ 625 ಗೆರೆಗಳದ್ದು. ಅದರಲ್ಲಿ ನಮ್ಮ ಕಣ್ಣಿಗೆ ಬೀಳುತ್ತಿದ್ದದ್ದು 576. ಮನೆಯಲ್ಲಿದ್ದ 21 ಇಂಚಿನ ಡಬ್ಬ ಟೀವಿಯ ಪರದೆಯ ಎತ್ತರ ಒಂದಡಿಯ ಆಸುಪಾಸು. ಒಂದೊಂದು ಗೆರೆಗೆ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು ಜಾಗ. ಅಂದರೆ ಆರೂಕಾಲು ಅಡಿ ಹಿಂದೆ ಚಾಪೆ ಹಾಸಿ ಕೂತವರಿಗೆ ಆ ಗೆರೆಗಳು ಕಾಣುತ್ತಲೇ ಇರಲಿಲ್ಲ. ಅವರ ಕಣ್ಣು ಕೇಳುವಷ್ಟನ್ನು ಆ ಡಬ್ಬ ಕೊಡುತ್ತಿತ್ತು. ಅದೇ 576 ಗೆರೆಗಳನ್ನು 43 ಇಂಚಿನ ಪರದೆಗೆ ಹಿಗ್ಗಿಸಿದರೆ ಗೆರೆಯೊಂದು ಹತ್ತಿರ ಹತ್ತಿರ ಒಂದು ಮಿಲಿಮೀಟರು. ಅದು ನಯವಾಗಿ ಕಾಣಬೇಕಾದರೆ ಹತ್ತೂವರೆ ಅಡಿ ಹಿಂದೆ ಸರಿಯಬೇಕು. ನಮ್ಮ ಕಡೆಯ ಎಷ್ಟೋ ಮನೆಗಳ ಹಜಾರದಲ್ಲಿ ಅಷ್ಟು ಹಿಂದೆ ಸರಿದರೆ ಬೆನ್ನಿಗೆ ಅಡುಗೆಮನೆಯ ಗೋಡೆ ತಾಗುತ್ತದೆ.

ಚಿತ್ರ ಹಾಳಾಗಿರಲಿಲ್ಲ, ಪರದೆ ಬೆಳೆದಿತ್ತು, ಜಾಗ ಇದ್ದಷ್ಟೇ ಇತ್ತು.

ಇದೇ ಲೆಕ್ಕ ಹೊಸ ಟೀವಿಯ ಬೆಲೆಪಟ್ಟಿಗೂ ಅನ್ವಯಿಸುತ್ತದೆ. ಫುಲ್ ಎಚ್‌ಡಿಯ ಚಿತ್ರದಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080, ಒಟ್ಟು ಸುಮಾರು 20 ಲಕ್ಷ ಚುಕ್ಕೆಗಳು. ಫೋರ್‌ಕೆಯಲ್ಲಿ ಅದರ ನಾಲ್ಕು ಪಟ್ಟು, 83 ಲಕ್ಷದ ಹತ್ತಿರ. 43 ಇಂಚಿನ ಟೀವಿಯಲ್ಲಿ ಫುಲ್ ಎಚ್‌ಡಿಯ ಚುಕ್ಕೆಗಳೇ ಐದೂವರೆ ಅಡಿಯಾಚೆಗೆ ಬೆರೆತುಹೋಗುತ್ತವೆ. ಎಂಟಡಿ ದೂರದಲ್ಲಿ ಕೂತು ನೋಡುವವನಿಗೆ ಚುಕ್ಕೆಯ ಲೆಕ್ಕದಲ್ಲಿ ಎರಡೂ ಒಂದೇ. ಹೊಳಪು, ಕಪ್ಪಿನ ಆಳ, ಬಣ್ಣದ ಹರವು ಇವೆಲ್ಲ ಬೇರೆ ವಿಚಾರ. ಅವು ಯಾವ ದೂರದಿಂದಲೂ ಗೊತ್ತಾಗುತ್ತವೆ. ಆದರೆ ಅಂಗಡಿಯಲ್ಲಿ ನಾವು ಟೀವಿಯನ್ನು ನೋಡುವುದು ಎರಡು ಮೂರು ಅಡಿಯಿಂದ, ಸೀರೆಯ ನೇಯ್ಗೆ ನೋಡುವ ಹಾಗೆ. ಕೊಳ್ಳುವುದು ಆ ದೂರದಲ್ಲಿ, ಬದುಕುವುದು ಇನ್ನೊಂದು ದೂರದಲ್ಲಿ.

'ದೂರದ ಬೆಟ್ಟ ನುಣ್ಣಗೆ' ಎಂಬ ಮಾತನ್ನು ನಾವು ಮೋಸದ ಬಗ್ಗೆ ಎಚ್ಚರಿಸಲು ಬಳಸುತ್ತೇವೆ. ಹತ್ತಿರ ಹೋದರೆ ಕಲ್ಲುಮುಳ್ಳು ಕಾಣುತ್ತದೆ ಎಂದು. ಗುಂಡ್ಲುಪೇಟೆ ಸೀಮೆಯ ಹೊಲಗಳಲ್ಲಿ ನಿಂತು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆ ನೋಡುವಾಗೆಲ್ಲ ನನಗೆ ಆ ಗಾದೆಯ ಇನ್ನೊಂದು ಮಗ್ಗುಲು ಹೊಳೆಯುತ್ತದೆ. ನುಣುಪು ಸುಳ್ಳಲ್ಲ, ಅದು ಆ ದೂರದ ಸತ್ಯ. ನಮ್ಮ ಹಾಡು, ಬಯಲಾಟ, ಮದುವೆ, ಸಿನಿಮಾ ಎಲ್ಲವನ್ನೂ ಒಂದೊಂದು ದೂರ ಅಂದಾಜು ಮಾಡಿಯೇ ಹಿಂದಿನವರು ಕಟ್ಟಿದ್ದರು. ಹೊಸ ಪರದೆ, ಹೊಸ ಮೈಕು ಮಾಡಿದ್ದಿಷ್ಟೆ: ಆ ದೂರವನ್ನು ತೆಗೆದುಹಾಕಿದವು.

ಸಿನಿಮಾದ ಮಾತು ಮುಗಿಸಿಬಿಡೋಣ. ದೊರೈ-ಭಗವಾನ್ ನಿರ್ದೇಶನದ 'ಕಸ್ತೂರಿ ನಿವಾಸ' ತೆರೆಗೆ ಬಂದದ್ದು 1971ರಲ್ಲಿ. ಅದನ್ನು ಹಿಡಿದದ್ದು 35 ಮಿಲಿಮೀಟರಿನ ಫಿಲಂ ಮೇಲೆ. ಚೆನ್ನಾಗಿ ಕಾಪಿಟ್ಟ ಅಂಥ ನೆಗೆಟಿವನ್ನು ಇವತ್ತು ಸ್ಕ್ಯಾನ್ ಮಾಡಿದರೆ ಫೋರ್‌ಕೆ ಪರದೆಯನ್ನು ತುಂಬುವಷ್ಟು ವಿವರ ಅದರಲ್ಲಿ ಸಿಗುತ್ತದೆ. ಹಳೇ ಸಿನಿಮಾ ಮಸುಕಾಗಿ ಹುಟ್ಟಿದ್ದಲ್ಲ. ನೆಗೆಟಿವಿನಿಂದ ಪ್ರಿಂಟು, ಪ್ರಿಂಟಿನಿಂದ ವೀಡಿಯೋ ಟೇಪು, ಟೇಪಿನಿಂದ ಕೇಬಲ್ಲು, ಕೇಬಲ್ಲಿನಿಂದ ಸಿ.ಡಿ., ಅಲ್ಲಿಂದ ಇಂಟರ್‌ನೆಟ್ಟು. ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಮತ್ತೆ ಮತ್ತೆ ಗಾಣಕ್ಕೆ ಕೊಟ್ಟ ಹಾಗೆ ಆಯಿತು ಅದರ ಬಾಳು. ನಾವು ಇವತ್ತು ನೋಡಿ ಮೂಗು ಮುರಿಯುವುದು ಆ ಸಿಪ್ಪೆಯನ್ನು.

ರಾಜ್‌ಕುಮಾರ್ ಈ ಸೀಮೆಯವರು. ಹುಟ್ಟಿದ ಗಾಜನೂರು ಗಡಿಯಾಚೆಯ ತಾಳವಾಡಿ ಸೀಮೆಯಲ್ಲಿದೆ, ಚಾಮರಾಜನಗರಕ್ಕೆ ಕೂಗಳತೆ ಎನ್ನಬಹುದು; ಮನೆತನದ ಹೆಸರಿಗೆ ಅಂಟಿದ ಸಿಂಗಾನಲ್ಲೂರು ಇರುವುದು ಕೊಳ್ಳೇಗಾಲದ ಕಡೆ. ಅವರ 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ ಬಣ್ಣ ಹಚ್ಚಿಸಿಕೊಂಡು ಮತ್ತೆ ಬಂತು. 'ಕಸ್ತೂರಿ ನಿವಾಸ'ವೂ ಹಾಗೆಯೇ 2014ರಲ್ಲಿ ಬಂತು. ಜನ ಚಿತ್ರಮಂದಿರಕ್ಕೆ ಹೋದರು, ಹಳೆಯ ಪ್ರೀತಿಯಿಂದ ಶಿಳ್ಳೆಯನ್ನೂ ಹೊಡೆದರು. ನನಗೆ ಮಾತ್ರ ಆ ಬಣ್ಣದ ಅಗತ್ಯ ಕಾಣಲಿಲ್ಲ. ನೆರಳು ಬೆಳಕಿನಲ್ಲಿ ಯೋಚಿಸಿ ಇಟ್ಟ ಚಿತ್ರಕ್ಕೆ ಬಣ್ಣ ಬಂದ ಕೂಡಲೇ ಕಣ್ಣು ಮುಖ ಬಿಟ್ಟು ಸೀರೆಯ ಕಡೆ ಹೋಗುತ್ತದೆ. ಟೆಂಟಿನಲ್ಲಿ ನೆಲದ ಮೇಲೆ ಕೂತು ಸಿನಿಮಾ ನೋಡಿದವರನ್ನು ಕೇಳಿ. ಮೈಸೂರಿನಲ್ಲಿ ಓಡಿ ಸವೆದು ತಿಂಗಳುಗಟ್ಟಲೆ ತಡವಾಗಿ ಬಂದ ರೀಲಿನ ತುಂಬ ಗೀರುಗಳಿರುತ್ತಿದ್ದವು. 'ಮಳೆ ಬತ್ತಾ ಅದ' ಎಂದು ನಗುತ್ತಿದ್ದರೇ ಹೊರತು ಆಪರೇಟರನ್ನು ಬೈಯುತ್ತಿರಲಿಲ್ಲ. ಬೈಯುತ್ತಿದ್ದದ್ದು ರೀಲು ಕಟ್ಟಾದಾಗ ಮಾತ್ರ, ಕತೆ ನಿಂತಿತಲ್ಲ ಅಂತ.

ಹಾಗಾದರೆ ಈಗ ಅದೇ ಜನಕ್ಕೆ ಮಳೆ ಯಾಕೆ ಸಹ್ಯವಾಗದು? ಕಣ್ಣು, ಕಿವಿ ಎರಡೂ ರುಚಿ ಕಂಡ ಬೆಕ್ಕುಗಳು. ಮೇಲೆ ಹತ್ತುವಾಗಿನ ಸಂತೋಷ ನಾಲ್ಕು ದಿನಕ್ಕೆ ಮಾಸುತ್ತದೆ, ಕೆಳಗಿಳಿಯುವಾಗಿನ ಕಿರಿಕಿರಿ ಮಾತ್ರ ಉಳಿಯುತ್ತದೆ. ಫೋನನ್ನೇ ನೋಡಿ. ಲ್ಯಾಂಡ್‌ಲೈನಿನ ಕಾಲದಿಂದ ದೂರವಾಣಿ ನಮ್ಮ ದನಿಯ 300ರಿಂದ 3400 ಹರ್ಟ್ಸ್‌ವರೆಗಿನ ಭಾಗವನ್ನಷ್ಟೇ ಸಾಗಿಸುತ್ತಿತ್ತು. 'ಸ'ಕಾರದ ಸಿಳ್ಳಿನ ಬಹುಪಾಲು ಅದಕ್ಕೂ ಮೇಲಿದೆ. ನಮ್ಮ ಕಡೆ 'ಹ'ಕಾರವನ್ನು ಬಾಯಿ ಹೇಗೂ ನುಂಗುತ್ತದೆ, 'ಸ'ಕಾರವನ್ನು ತಂತಿ ನುಂಗುತ್ತಿತ್ತು. ಆದರೂ ಮದುವೆ ಮಾತುಕತೆಗಳು ಅದರಲ್ಲೇ ಕುದುರಿದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಫೋರ್‌ಜಿ ಮೇಲಿನ ಕರೆ ಊರೂರಿಗೆ ಹಬ್ಬಿತು. ಅಂಥ ಕರೆಯಲ್ಲಿ ದನಿ 50ರಿಂದ 7000 ಹರ್ಟ್ಸ್‌ವರೆಗೂ ಹರಡಿಕೊಳ್ಳುತ್ತದೆ. 'ಆಹಾ, ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ' ಎಂದು ಯಾರೂ ಎರಡನೇ ವಾರ ಹೇಳಲಿಲ್ಲ. ಕಾಡಂಚಿನಲ್ಲಿ ಸಿಗ್ನಲ್ಲು ಕುಸಿದು ಕರೆ ಹಳೆಯ ಅಗಲಕ್ಕೆ ಇಳಿದರೆ ಮಾತ್ರ, 'ಏನಣ್ಣಾ, ಡಬ್ಬದೊಳಗಿಂದ ಮಾತಾಡಿದಂಗೆ ಕೇಳ್ತದೆ' ಎಂಬ ದೂರು ಬರುತ್ತದೆ.

ಸದ್ದಿನ ವಿಷಯದಲ್ಲಿ ಚಾಮರಾಜನಗರದ ಕಡೆ ಒಂದು ಒಳ್ಳೆಯ ಪರೀಕ್ಷಾ ಸಾಧನವಿದೆ, ಕಂಸಾಳೆ. ಮಲೆಯ ಮಾದೇಶ್ವರನ, ನಮ್ಮ ಬಾಯಲ್ಲಿ ಮಾದಪ್ಪನ, ಹಾಡು ಹೇಳುವ ಗುಡ್ಡರ ಒಂದು ಕೈಯಲ್ಲಿ ಕಂಚಿನ ಬಟ್ಟಲು, ಇನ್ನೊಂದು ಕೈಯಲ್ಲಿ ಗೊಂಡೆ ಕಟ್ಟಿದ ಕಂಚಿನ ತಟ್ಟೆ. ಎರಡೂ ತಾಗಿದ ಕ್ಷಣ ಸೂಜಿಯಂಥ ಪೆಟ್ಟು, ಅದರ ಬೆನ್ನಿಗೇ ಗಾಳಿಯಲ್ಲಿ ಹರಡುವ ನಾದದ ಬಾಲ. ಈ ಪೆಟ್ಟು, ಈ ಬಾಲ ಎರಡೂ ಧ್ವನಿಮುದ್ರಣದ ಯಂತ್ರಗಳಿಗೆ ಯಮಗಂಡ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನಂಥ ಮಧ್ಯಮ ತರಂಗದಲ್ಲಿ ಸುಮಾರು ನಾಲ್ಕೂವರೆ ಐದು ಸಾವಿರ ಹರ್ಟ್ಸ್‌ನ ಮೇಲಿನದ್ದೆಲ್ಲ ಹೊಸಿಲಾಚೆಯೇ ಉಳಿಯುತ್ತಿತ್ತು. ರೇಡಿಯೋದಲ್ಲಿ ಕೇಳುತ್ತಿದ್ದದ್ದು ಕಂಸಾಳೆಯ ನೆರಳು. ಕ್ಯಾಸೆಟ್ಟಿನಲ್ಲಿ ಅದು ತಕ್ಕಮಟ್ಟಿಗೆ ಕಂಚಾಯಿತು, ಹಿಂದೆ ಟೇಪಿನ ಸುಯ್ಯೆನ್ನುವ ಸದ್ದು ಇದ್ದರೂ.

ಅದಾದ ಮೇಲೆ ಬಂದದ್ದು ಮೆಮೊರಿ ಕಾರ್ಡಿನ ಕಾಲ. ಚಾಮರಾಜನಗರದ ಬಸ್ ನಿಲ್ದಾಣದ ಸುತ್ತಮುತ್ತಲ ಮೊಬೈಲ್ ಅಂಗಡಿಗಳಲ್ಲಿ ಕಾರ್ಡು ಕೊಟ್ಟರೆ ಮಾದಪ್ಪನ ಹಾಡು, ಮಂಟೇಸ್ವಾಮಿ ಕತೆ, ರಾಜ್‌ಕುಮಾರ್ ಹಾಡು ಎಲ್ಲವನ್ನೂ ಒಟ್ಟಿಗೆ ತುಂಬಿಕೊಡುತ್ತಿದ್ದರು. ಎಷ್ಟು ಹಾಡು ಹಿಡಿಯಿತು ಎಂಬುದೇ ಆಗಿನ ಗುಣಮಟ್ಟ. ಹೆಚ್ಚು ಹಿಡಿಯಬೇಕಾದರೆ ಒಂದೊಂದನ್ನೂ ಕುಗ್ಗಿಸಬೇಕು. ಸಿ.ಡಿ.ಯ ಹಾಡು ಸೆಕೆಂಡಿಗೆ 1411 ಕಿಲೋಬಿಟ್ ತಿಂದರೆ, 128 ಕಿಲೋಬಿಟ್‌ನ ಎಂಪಿ3ಗೆ ಅದರ ಹನ್ನೊಂದರಲ್ಲಿ ಒಂದು ಪಾಲು ಸಾಕು. ಇದರ ಹಿಂದಿನ ಯುಕ್ತಿ ಜಾಣತನದ್ದೇ. ತಮಟೆಯ ಪಕ್ಕದಲ್ಲಿ ಪಿಸುಮಾತು ಕೇಳಿಸದು. ಕೇಳಿಸದ್ದನ್ನು ಉಳಿಸಿಕೊಂಡು ಮಾಡುವುದೇನು, ಬಿಸಾಕು. ಬೇರೆ ಎಷ್ಟೋ ಸದ್ದುಗಳಿಗೆ ಇದು ಹೇಗೋ ನಡೆಯುತ್ತದೆ. ಕಂಸಾಳೆಗೆ ನಡೆಯುವುದಿಲ್ಲ. ಸದ್ದನ್ನು ತುಂಡು ತುಂಡಾಗಿ ಲೆಕ್ಕ ಹಾಕುವಾಗ ಪೆಟ್ಟಿನ ಕಲ್ಮಶ ಪೆಟ್ಟಿಗಿಂತ ಮುಂಚಿನ ಮೌನಕ್ಕೂ ಸೋರುತ್ತದೆ. ಹೊಡೆಯುವ ಮೊದಲೇ ಹೊಡೆದ ಸುಳಿವು. ನಾದದ ಬಾಲವಂತೂ ನೀರಿನಲ್ಲಿ ಅದ್ದಿ ತೆಗೆದಂತೆ ಜೊಳ್ಳಾಗುತ್ತದೆ.

ಎಂಪಿ3ಯನ್ನು ರೂಪಿಸಿದವರಲ್ಲಿ ಪ್ರಮುಖರಾದ ಜರ್ಮನಿಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ತಮ್ಮ ಯುಕ್ತಿಯನ್ನು ಒರೆಗೆ ಹಚ್ಚಲು ಬಳಸಿದ್ದು ಅಮೆರಿಕದ ಸುಜಾನ್ ವೇಗಾ ಅವರ 'ಟಾಮ್ಸ್ ಡೈನರ್', ವಾದ್ಯವೇ ಇಲ್ಲದ ಒಂಟಿ ಹೆಣ್ಣುದನಿಯ ಹಾಡು. ಪೆಟ್ಟಿನ ಪರೀಕ್ಷೆಗೆಂದು ಇಂಥ ಪ್ರಯೋಗಗಳಲ್ಲಿ ಸ್ಪೇನಿನ ಮರದ ಚಿಟಿಕೆಯನ್ನೂ ಇಟ್ಟುಕೊಳ್ಳುತ್ತಾರೆ. ಮಲೆಯ ಮಾದೇಶ್ವರನ ಬೆಟ್ಟದಿಂದ ಒಬ್ಬ ಗುಡ್ಡನನ್ನು ಕರೆಸಿಕೊಂಡಿದ್ದರೆ ಎಂಪಿ3 ಹೊರಬರುವುದು ಇನ್ನೂ ನಾಲ್ಕು ವರ್ಷ ತಡವಾಗುತ್ತಿತ್ತೇನೋ.

ತಮಾಷೆಯೆಂದರೆ ಕೆಟ್ಟ ಸದ್ದೂ ರೂಢಿಯಾದರೆ ರುಚಿಯಾಗಬಹುದು. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಗೀತ ಪ್ರಾಧ್ಯಾಪಕ ಜೊನಾಥನ್ ಬರ್ಗರ್ ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಒಂದೇ ಸಂಗೀತದ ಬೇರೆಬೇರೆ ನಮೂನೆಗಳನ್ನು ಕೇಳಿಸುತ್ತಿದ್ದರು. ಕುಗ್ಗಿಸಿದ ಎಂಪಿ3ಯ ಚುರುಗುಟ್ಟುವಿಕೆಯನ್ನೇ ಮೆಚ್ಚುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ ಎಂದು ಅವರು ಹೇಳಿದ್ದು 2009ರಲ್ಲಿ ದೊಡ್ಡ ಸುದ್ದಿಯಾಯಿತು. ಧ್ವನಿತಜ್ಞ ಶಾನ್ ಆಲಿವ್ ಹದಿಹರೆಯದವರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಇದಕ್ಕೆ ತಿರುಗುಮುರುಗು: ಪಕ್ಕಪಕ್ಕ ಇಟ್ಟು ಕೇಳಿಸಿದರೆ ಮಕ್ಕಳು ಸಿ.ಡಿ.ಯನ್ನೇ ಆರಿಸಿಕೊಂಡರು. ನನಗನಿಸುವಂತೆ ಇಬ್ಬರ ಮಾತೂ ನಮ್ಮೂರಿಗೆ ಹೊಂದುತ್ತದೆ. ಹೋಲಿಸಲು ಸಿಕ್ಕರೆ ಕಿವಿ ನ್ಯಾಯವಾಗಿಯೇ ತೀರ್ಪು ಕೊಡುತ್ತದೆ. ಆದರೆ ಹೋಲಿಸಲು ಎಷ್ಟು ಜನಕ್ಕೆ ಸಿಗುತ್ತದೆ? ಹಬ್ಬದ ಮೈಕ್‌ಸೆಟ್ಟಿನವರನ್ನು ಕೇಳಿ: 'ಎಕೋ' ಕೊಡದಿದ್ದರೆ ಹಾಡುವವರೇ ಬೇಜಾರಾಗುತ್ತಾರೆ. ದನಿ ಗುಡ್ಡಕ್ಕೆ ಬಡಿದು ವಾಪಸು ಬಂದಂತಿರಬೇಕು. ಎದೆ ಅದುರಬೇಕು. ನಗರದವರು ಒಪ್ಪುವ ಒಣಗಿದ, ಶುಭ್ರವಾದ ದನಿ ಅವರಿಗೆ ಬರಡು.

ಅದರಲ್ಲೊಂದು ತರ್ಕವೂ ಇದೆ. ಮಂಟೇಸ್ವಾಮಿ ಕತೆ ಹಾಡುವ ನೀಲಗಾರರು ತಂಬೂರಿ ಮೀಟಿ, ಗಗ್ಗರ ಆಡಿಸಿ ರಾತ್ರಿಯಿಡೀ ಕತೆ ಮಾಡುವಾಗ ದನಿ ಅಂಗಳ ದಾಟಿ ಕೇರಿಯ ಕೊನೆಗೆ ಮುಟ್ಟಬೇಕಿತ್ತು. ಗಂಟಲು ಪಳಗಿದ್ದು ಆ ದೂರಕ್ಕೆ. ಬಾಯಿಗೆ ಎರಡು ಇಂಚು ಹತ್ತಿರ ಸ್ಟುಡಿಯೋ ಮೈಕು ಇಟ್ಟರೆ ಉಸಿರು, ಎಲೆಅಡಿಕೆಯ ಚಪ್ಪರಿಕೆ, ಗಂಟಲ ಗೊರಗೊರ ಎಲ್ಲ ಎದ್ದು ಬರುತ್ತದೆ. ಅದನ್ನು ಒರೆಸಿ, ಮೇಲೊಂದು ಕೀಬೋರ್ಡ್, ರಿದಂ ಪ್ಯಾಡ್ ಸೇರಿಸಿದ ಹಾಡೇ ಈಗ 'ಕ್ಲಿಯರ್' ಎನಿಸಿಕೊಂಡು ಮೊಬೈಲುಗಳಲ್ಲಿ ಓಡಾಡುತ್ತದೆ. ಜಾನಪದ ವಿದ್ವಾಂಸರು ಹಳ್ಳಿಗಳಲ್ಲಿ ಹಿಡಿದ ಟೇಪುಗಳಲ್ಲಿ ನಾಯಿ ಬೊಗಳುತ್ತದೆ, ಮಗು ಅಳುತ್ತದೆ, ಯಾರೋ ಕೆಮ್ಮುತ್ತಾರೆ. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ಮಲೆಯ ಮಾದೇಶ್ವರ ಮಹಾಕಾವ್ಯ 1973ರಲ್ಲಿ ಅಚ್ಚಾಯಿತು. ಅಂಥ ಕಾವ್ಯಗಳನ್ನು ನಮ್ಮವರೆಗೆ ಮುಟ್ಟಿಸಿದ್ದು ಇಂಥ 'ಕ್ಲಿಯರ್' ಇಲ್ಲದ ಕೇಳ್ಮೆ.

ಬಣ್ಣದ ಮಾತೂ ಇದೇ. ಊರಿನವರು ಆಡುವ 'ಕುರುಕ್ಷೇತ್ರ'ದಲ್ಲಿ ದುರ್ಯೋಧನನ ಹುಬ್ಬನ್ನು ಹೆಬ್ಬೆರಳಗಲ ತೀಡುವುದು ಐವತ್ತನೇ ಸಾಲಿನಲ್ಲಿ ಕಂಬಳಿ ಹೊದ್ದು ಕೂತವನಿಗಾಗಿ. ಅವನಿಗೆ ರಟ್ಟಿನ ಕಿರೀಟ ಚಿನ್ನವೇ. ಈಗ ಮೊದಲ ಸಾಲಿನ ಹುಡುಗರು ಮೊಬೈಲ್ ಜೂಮ್ ಮಾಡಿ ನೇರಪ್ರಸಾರ ಬಿಡುತ್ತಾರೆ. ಬೆವರಿಗೆ ಕಿತ್ತುಬಂದ ಬಣ್ಣ, ಗೋಂದು ಬಿಟ್ಟ ಮೀಸೆ, ಕಿರೀಟದ ಹಿಂದಿನ ಸ್ಟೇಪಲ್ ಪಿನ್ನು ಬೆಂಗಳೂರಿನಲ್ಲಿರುವ ನೆಂಟರಿಗೂ ಕಾಣುತ್ತದೆ. ಮದುವೆಮನೆಗಳಲ್ಲಿ ಇದಕ್ಕೆ ಉಪಾಯ ಸಿಕ್ಕಿದೆ. ಬ್ಯೂಟಿಪಾರ್ಲರಿನ ದರಪಟ್ಟಿಯಲ್ಲಿ ಸಾದಾ ಮೇಕಪ್ಪಿನ ಕೆಳಗೆ 'ಎಚ್‌ಡಿ ಮೇಕಪ್' ಎಂಬ ಸಾಲು ಬಂದಿದೆ, ಬೆಲೆಯೂ ಅದಕ್ಕೆ ತಕ್ಕಂತೆ. ಮುಖದ ಸೂಕ್ಷ್ಮ ತೋರಿಸಲೆಂದು ಕ್ಯಾಮೆರಾಗೆ ದುಡ್ಡು, ಆ ಸೂಕ್ಷ್ಮ ಮುಚ್ಚಲೆಂದು ಮುಖಕ್ಕೆ ದುಡ್ಡು. ನಲವತ್ತು ಅಡಿ ಮುಂದೆ ಧಾರೆ ನಡೆಯುತ್ತಿರುವಾಗ ಕಲ್ಯಾಣಮಂಟಪದವರೆಲ್ಲ ಪಕ್ಕದ ಎಲ್‌ಇಡಿ ಗೋಡೆಯಲ್ಲಿ ಧಾರೆ ನೋಡುತ್ತ ಅಕ್ಷತೆ ಹಾಕುವುದನ್ನು ಕಂಡಿದ್ದೇನೆ. ಒಂದಷ್ಟು ಅಕ್ಕಿ ಗೋಡೆಗೇ ಬಿತ್ತು.

ಓಣಂ ಹತ್ತಿರವಾದಾಗ ಗುಂಡ್ಲುಪೇಟೆಯ ಹೆದ್ದಾರಿಯ ಬದಿಯಲ್ಲಿ ಚೆಂಡುಹೂವಿನ, ಸೂರ್ಯಕಾಂತಿಯ ಹೊಲಗಳು ಅರಳುತ್ತವೆ. ಕೇರಳದ ಕಾರುಗಳು ಸಾಲಾಗಿ ನಿಲ್ಲುತ್ತವೆ. ಫೋನಿನ ಕ್ಯಾಮೆರಾ ಹಳದಿಯನ್ನು ಇದ್ದದ್ದಕ್ಕಿಂತ ಹಳದಿ ಮಾಡುತ್ತದೆ. ಬರುವ ವರ್ಷ ಆ ಫೋಟೋ ನೋಡಿ ಬಂದವರು ಹೊಲದ ಬದುವಿನಲ್ಲಿ ನಿಂತು, 'ಇಷ್ಟೇನಾ?' ಎಂಬಂತೆ ಕಣ್ಣು ಕಿರಿದು ಮಾಡುತ್ತಾರೆ.

'ಇಷ್ಟೇನಾ' ಎಂಬ ಮಾತು ಹೆಚ್ಚು ಕೇಳುವುದು ಬಂಡೀಪುರದಲ್ಲಿ. 2020ರ ಜನವರಿಯಲ್ಲಿ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅವರ 'ವೈಲ್ಡ್ ಕರ್ನಾಟಕ' ಚಿತ್ರಮಂದಿರಗಳಿಗೆ ಬಂತು. ಫೋರ್‌ಕೆಯಲ್ಲಿ ಹಿಡಿದ ನಮ್ಮದೇ ಕಾಡು, ಡೇವಿಡ್ ಅಟೆನ್‌ಬರೋ ದನಿ, ರಿಕಿ ಕೇಜ್ ಸಂಗೀತ. ವರ್ಷಗಟ್ಟಲೆ ಹಿಡಿದ ದೃಶ್ಯಗಳನ್ನು ಸೋಸಿ ಒಂದು ಗಂಟೆಗೂ ಕಡಿಮೆ ಅವಧಿಗೆ ಇಳಿಸಿದ್ದು. ಸೊಗಸಾದ ಕೆಲಸ, ಅನುಮಾನವಿಲ್ಲ. ಆದರೆ ವನ್ಯಜೀವಿ ಚಿತ್ರಗಳ ಒಂದು ಒಳಗುಟ್ಟನ್ನು ನೋಡುಗ ಮರೆಯುತ್ತಾನೆ. ನೂರಾರು ಅಡಿ ದೂರದಿಂದ ದೊಡ್ಡ ಲೆನ್ಸಿನಲ್ಲಿ ಹುಲಿ ನೀರು ಕುಡಿಯುವುದನ್ನು ಹಿಡಿದಾಗ ಆ ಲೊಚಗುಟ್ಟುವ ಸದ್ದು ಮೈಕಿಗೆ ಸಿಗುವುದಿಲ್ಲ. ಇಂಥ ಚಿತ್ರಗಳಲ್ಲಿ ಸದ್ದನ್ನು ಬೇರೆ ಕಡೆ ಹಿಡಿದು, ಎಷ್ಟೋ ಸಲ ಸ್ಟುಡಿಯೋದಲ್ಲೇ ಹುಟ್ಟಿಸಿ, ಆಮೇಲೆ ಜೋಡಿಸುವುದು ಜಗತ್ತಿನೆಲ್ಲೆಡೆ ವಾಡಿಕೆ. ಚಿತ್ರ ನಿಜ, ಹತ್ತಿರ ಕೃತಕ.

ಸಫಾರಿ ಬಸ್ಸಿನಲ್ಲಿ ಕೂತವರು ನಿರೀಕ್ಷಿಸುವುದು ಈ ಹತ್ತಿರವನ್ನು. ಕೆಲವು ವರ್ಷಗಳ ಹಿಂದೆ ಸಂಜೆಯ ಸರದಿಯಲ್ಲಿ ನಮ್ಮ ಬಸ್ಸಿಗೆ ಹುಲಿ ಸಿಕ್ಕಿತು. ಲಂಟಾನ ಪೊದೆಯ ಸಂದಿಯಲ್ಲಿ, ಅರವತ್ತು ಎಪ್ಪತ್ತು ಅಡಿಯಾಚೆ, ಬೆನ್ನು ಮತ್ತು ಒಂದು ಕಿವಿ. ಬೆಳಕು ಇಳಿದಿತ್ತು. ಯಾವ ಸದ್ದೂ ಇಲ್ಲ. ಜಿಂಕೆಯೊಂದು ಎಲ್ಲೋ ಒಮ್ಮೆ ಕೂಗಿದ್ದು ಬಿಟ್ಟರೆ ಅಷ್ಟೇ. ನನ್ನ ಮುಂದಿನ ಸೀಟಿನ ಹುಡುಗ ಕಣ್ಣಿನಲ್ಲಿ ನೋಡಿದ್ದು ಎರಡು ಸೆಕೆಂಡು. ಉಳಿದದ್ದೆಲ್ಲ ಫೋನಿನ ಪರದೆಯಲ್ಲಿ, ಬೆರಳಿಂದ ಹಿಗ್ಗಿಸುತ್ತ. ಹಿಗ್ಗಿಸಿದಷ್ಟೂ ಹುಲಿ ಕಲಸಿಹೋಯಿತು. "ಅಪ್ಪಾ, ಕ್ಲಾರಿಟಿ ಇಲ್ಲ" ಎಂದ. ಜೀವಂತ ಹುಲಿಯ ಬಗ್ಗೆ ಹೀಗೂ ದೂರಬಹುದೆಂದು ನನಗೆ ಗೊತ್ತಿರಲಿಲ್ಲ.

ಅದೇ ಕಾಡಿನಲ್ಲಿ 'ಕ್ಲಾರಿಟಿ'ಗೆ ಬೇರೆಯೇ ಅರ್ಥ ಕೊಟ್ಟುಕೊಂಡವರಿದ್ದಾರೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆಗ ಹುಲಿಗಳನ್ನು ಎಣಿಸುತ್ತಿದ್ದದ್ದು ಹೆಜ್ಜೆಗುರುತಿನಿಂದ. 1990ರ ದಶಕದ ಆರಂಭದಲ್ಲಿ ಪಕ್ಕದ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ದಾರಿಯ ಅಕ್ಕಪಕ್ಕ ತಾವೇ ಕ್ಲಿಕ್ಕಾಗುವ ಕ್ಯಾಮೆರಾಗಳನ್ನು ಕಟ್ಟಿ, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸುವ ವಿಧಾನಕ್ಕೆ ಅಡಿಪಾಯ ಹಾಕಿದರು. ಆಗಿನದು ಫಿಲಂ, ರೋಲು ಮುಗಿಯಿತೆಂದರೆ ಕ್ಯಾಮೆರಾ ಕುರುಡು. ಈಗಿನದು ಡಿಜಿಟಲ್. 2018ರ ರಾಷ್ಟ್ರೀಯ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು ತೆಗೆದ ಚಿತ್ರಗಳು ಮೂರು ಕೋಟಿ 48 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಹುಲಿ ಇದ್ದದ್ದು 76,651ರಲ್ಲಿ. ಗಿನ್ನೆಸ್ ದಾಖಲೆಯೂ ಆಯಿತು.

ಈ ಕ್ಯಾಮೆರಾಗಳನ್ನು ಆರಿಸುವಾಗ ಮೆಗಾಪಿಕ್ಸೆಲ್ಲಿನ ಸಂಖ್ಯೆ ದೊಡ್ಡ ವಿಷಯವಲ್ಲ. ಪ್ರಾಣಿ ಹಾದ ಕ್ಷಣಕ್ಕೇ ಎಚ್ಚೆತ್ತುಕೊಳ್ಳುವುದು ಮುಖ್ಯ. ರಾತ್ರಿ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ನಡೆಯುವ ಹುಲಿಯ ಪಟ್ಟೆ ಕದಡಿಹೋಗುವುದುಂಟು. ಬಿಳಿ ಫ್ಲ್ಯಾಶ್ ಆದರೆ ಪಟ್ಟೆಯ ಅಂಚು ನಿಲ್ಲುತ್ತದೆ. ಹುಲಿಯ ಎಡಮೈಯ ಪಟ್ಟೆ ಬಲಮೈಗೆ ಹೊಂದುವುದಿಲ್ಲವಾದ್ದರಿಂದ ಕ್ಯಾಮೆರಾಗಳು ದಾರಿಯ ಎರಡೂ ಬದಿಗೆ ಜೋಡಿಯಾಗಿ ನಿಲ್ಲಬೇಕು. ಸಿಗುವ ಚಿತ್ರಗಳು ಯಾರೂ ಸ್ಟೇಟಸ್ಸಿಗೆ ಹಾಕುವಂಥವಲ್ಲ. ಸುಟ್ಟಂತೆ ಬೆಳ್ಳಗಾದ ಹುಲ್ಲು, ತಲೆ ಚೌಕಟ್ಟಿನಾಚೆ, ಬಾಲ ಅರ್ಧ, ಮಧ್ಯೆ ಒಂದು ಪಕ್ಕೆ. ಕಂಪ್ಯೂಟರಿನ ಮುಂದೆ ಕೂತವರು ಆ ಪಕ್ಕೆಯನ್ನು ಹಳೆಯ ಪಕ್ಕೆಗಳ ಜೊತೆ ತಾಳೆ ನೋಡುತ್ತಾರೆ. ಮೂರು ಪಟ್ಟೆ ಕೂಡಿಕೊಂಡು ಕವಲೊಡೆಯುವ ಜಾಗ ಎರಡರಲ್ಲೂ ಒಂದೇ ಇದ್ದರೆ ಹುಲಿ ಹಳೆಯದು, ಇಲ್ಲದಿದ್ದರೆ ಪಟ್ಟಿಗೆ ಒಂದು ಹೊಸ ಸಂಖ್ಯೆ ಸೇರುತ್ತದೆ.